ಹಿತ್ತಾಳೆ ಕಿವಿ ಒಂದು

ನೀರು ಸರಬರಾಜು ಕಚೇರಿಯಿಂದ ಒಬ್ಬರನ್ನು ತರಬೇತಿಗೆ ಕಳಿಸಬೇಕೆಂದು ಮೇಲಿನಿಂದ ಆದೇಶ ಬಂದಾಗ, ಯಾರು ಹೋದರೆ ಯಾವ ಕೆಲಸವೂ ನಿಲ್ಲುವುದಿಲ್ಲ ಎಂದು ಸಾಹೇಬರು ಯೋಚಿಸಿದರು. ಉಗ್ರಾಣದ ಗುಮಾಸ್ತ ತಾನಾಗಿಯೇ ನೆನಪಿಗೆ ಬಂದ. ತರಬೇತಿಯ ವಿಷಯ ‘ಸಾರ್ವಜನಿಕ ನೀರು ಸರಬರಾಜಿನಲ್ಲಿ ಸುಸ್ಥಿರ ನಿರ್ವಹಣಾ ಪದ್ಧತಿಗಳು’. ಇದನ್ನು ಒಂದೇ ಉಸಿರಿಗೆ ಹೇಳಬಲ್ಲವರು ಇಡೀ ಕಚೇರಿಯಲ್ಲಿ ಯಾರೂ ಇರಲಿಲ್ಲ. ಎರಡು ದಿನ ಬಿಟ್ಟು ಗುಮಾಸ್ತ ವಾಪಸು ಬಂದ. ಒಂದೇ ಉಸಿರಿಗೆ ಹೇಳಿದ. ಅನರ್ಥ ಶುರುವಾದದ್ದು ಅಲ್ಲಿಂದಲೇ.

ಹೋಗುವಾಗ ಗೋಡೆ ಪಕ್ಕದಲ್ಲಿ ನಡೆದು ಹೋದವನು ಬರುವಾಗ ರಸ್ತೆಯ ನಡುವೆ ನಡೆದು ಬಂದ. ಕುತ್ತಿಗೆಯಲ್ಲಿ ತರಬೇತಿಯವರು ನೇತುಹಾಕಿದ ಗುರುತಿನ ಬಿಲ್ಲೆ. ಊಟಕ್ಕೆ ಕೂತಾಗಲೂ ಅದನ್ನು ತೆಗೆಯಲಿಲ್ಲ. ಅದು ಎರಡು ಸಲ ಸಾರಿನೊಳಗೆ ಮುಳುಗೆದ್ದಿತು.

“ಏನದು, ಹಸುವಿಗೆ ಗಂಟೆ ಕಟ್ಟಿದ ಹಾಗೆ?” ಎಂದರು ಅತ್ತೆ. ಮಗಳಿಗೆ ತುಂಬು ತಿಂಗಳೆಂದು ಅತ್ತೆ ಬಂದು ಕೂತಿದ್ದರು. ಮದುವೆಯಾದ ಎಷ್ಟೋ ವರ್ಷಕ್ಕೆ ಬಸುರಾದ ಮಗಳನ್ನು ಅಳಿಯನೊಬ್ಬನ ಕೈಗೆ ಬಿಡುವಷ್ಟು ಧೈರ್ಯ ಅವರಿಗಿರಲಿಲ್ಲ.

“ಸುಸ್ಥಿರ ನಿರ್ವಹಣೆ, ಅತ್ತೆ.”

“ಸುಸ್ತಾ? ಎರಡು ದಿನ ಕುರ್ಚಿ ಮೇಲೆ ಕೂತು ಬಂದೋರಿಗೆ ಸುಸ್ತಾ? ಸುಸ್ತು ನನ್ನ ಮಗಳಿಗಾಗ್ಬೇಕು.”

“ಸುಸ್ತಲ್ಲ ಅತ್ತೆ, ಸುಸ್ಥಿರ. ಅಂದ್ರೆ ಇವತ್ತು ನೀರಿದೆಯಲ್ಲ, ಅದು ನಾಳೆನೂ ಇರ್ಬೇಕು.”

“ಇವತ್ತು ಎಲ್ಲಿದೆ?” ಎಂದರು ಅತ್ತೆ.

ಆ ಬೀದಿಗೆ ನೀರು ಬರುತ್ತಿದ್ದದ್ದು ದಿನ ಬಿಟ್ಟು ದಿನ. ಅಂದು ಬಿಟ್ಟ ದಿನ. ಗುಮಾಸ್ತ ಬಿಲ್ಲೆ ಒರೆಸಿಕೊಂಡ.

ತರಬೇತಿಯಲ್ಲಿ ಅವನಿಗೆ ಅರ್ಥವಾದದ್ದು ಒಂದೇ ಸಂಗತಿ. ಆದರೆ ಅದು ಪೂರಾ ಅರ್ಥವಾಗಿತ್ತು. ಹೊಳೆಯಿಂದ ನೂರು ಕೊಡ ನೀರು ಎತ್ತಿದರೆ ಮನೆಗಳಿಗೆ ಸೇರುವುದು ಅರವತ್ತು. ಉಳಿದದ್ದು ಒಡೆದ ಪೈಪುಗಳಿಂದ ನೆಲದೊಳಗೇ ಸೋರಿಹೋಗುತ್ತದೆ. “ಹೊಸ ನೀರು ಹುಡುಕೋ ಮೊದಲು ಇದ್ದ ನೀರು ಎಲ್ಲಿ ಹೋಯ್ತು ಅಂತ ಕೇಳಿ,” ಎಂದಿದ್ದರು ತರಬೇತಿ ಕೊಟ್ಟವರು.

ಗುಮಾಸ್ತ ಎದ್ದು, “ಯಾರನ್ನ ಕೇಳ್ಬೇಕು ಸರ್?” ಎಂದಿದ್ದ.

“ನೆಲವನ್ನ ಕೇಳಿ,” ಎಂದು ಅವರು ಒಂದು ಸರಳು ತೋರಿಸಿದ್ದರು. ಎದೆಯೆತ್ತರದ ಕಬ್ಬಿಣದ ಸರಳು, ಅದರ ತುದಿಗೊಂದು ಹಿತ್ತಾಳೆಯ ಬಟ್ಟಲು. ಸರಳನ್ನು ಪೈಪಿನ ಮೇಲೋ ವಾಲ್ವಿನ ಮೇಲೋ ಊರಿ ಬಟ್ಟಲಿಗೆ ಕಿವಿಯಿಟ್ಟರೆ, ಒಳಗೆ ನೀರು ಸೋರುವ ಸದ್ದು ಕೇಳಿಸುತ್ತದೆ. ಹಳೆಯ ಕೆಲಸಗಾರರು ಅದಕ್ಕೆ ಇಟ್ಟ ಹೆಸರು ಹಿತ್ತಾಳೆ ಕಿವಿ.

ಗುಮಾಸ್ತನಿಗೆ ಮೈ ಜುಂ ಎಂದಿತು. ‘ಹಿತ್ತಾಳೆ ಕಿವಿ – ಒಂದು’ ಎಂಬ ಸಾಲು ಅವನ ಉಗ್ರಾಣದ ದಾಸ್ತಾನು ಪುಸ್ತಕದಲ್ಲೇ ಇತ್ತು. ಪ್ರತಿವರ್ಷ ಅದರ ಮುಂದೆ ಕಣ್ಣು ಮುಚ್ಚಿ ಗೆರೆ ಎಳೆಯುತ್ತಿದ್ದ. ಪೈಪುಗಳಿಗೆ ಎಲ್ಬೋ ಎಂಬ ಮೊಣಕೈ ಇದೆ, ಕಾಲರ್ ಎಂಬ ಕೊರಳುಪಟ್ಟಿ ಇದೆ, ಹಾಗೇ ಕಿವಿಯೂ ಇರಬಹುದೆಂದು ಬಿಟ್ಟಿದ್ದ. ಈಗ ಗೊತ್ತಾಯಿತು. ಊರಿನ ನೀರಿನ ಸಮಸ್ಯೆಗೆ ಮದ್ದು ಅವನ ಸುಪರ್ದಿನಲ್ಲೇ ಇದೆ. ಈ ವಿಷಯವನ್ನು ತಿಂಗಳ ಸಭೆಯಲ್ಲಿ, ಎಲ್ಲರೆದುರು, ನಿಂತು ಹೇಳಬೇಕೆಂದು ತೀರ್ಮಾನಿಸಿದ.

ಇಲ್ಲಿ ಸಾಹೇಬರ ಬಗ್ಗೆ ಒಂದು ಮಾತು ಹೇಳಬೇಕು. ಸಾಹೇಬರು ಒಳ್ಳೆಯವರು. ಅವರ ಒಳ್ಳೆಯತನದಲ್ಲಿ ಇದ್ದದ್ದು ಒಂದೇ ಬಿರುಕು: ಕೊನೆಗೆ ಬಂದವನು ಹೇಳಿದ್ದೇ ಅವರಿಗೆ ನಿಜ. ದಿನವೂ ಕೊನೆಗೆ ಬರುವವನು ಯಾವಾಗಲೂ ಒಬ್ಬನೇ. ಅವನು ಲೆಕ್ಕಪತ್ರ ವಿಭಾಗದ ಮೇಲ್ವಿಚಾರಕ. ಕಚೇರಿಯವರು ಅವನನ್ನು ರೇಡಿಯೊ ಎನ್ನುತ್ತಿದ್ದರು. ಅವನ ವಾರ್ತೆಗಳನ್ನು ನಂಬಿ ಸಾಹೇಬರು ಈಗಾಗಲೇ ಮೂವರನ್ನು ಜಾಕ್‌ವೆಲ್‌ಗೆ ವರ್ಗ ಮಾಡಿದ್ದರು. ಜಾಕ್‌ವೆಲ್ ಎಂದರೆ ಹೊಳೆಯ ದಡದಲ್ಲಿ ನೀರೆತ್ತುವ ಪಂಪುಗಳಿರುವ ಬಾವಿ. ಅಲ್ಲಿಗೆ ಬಸ್ಸಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಇರುವುದು ಎರಡು ಪಂಪು, ಒಂದು ನಾಯಿ. ಕೊನೆಗೆ ಹೋದವನು ಸಾಹೇಬರ ನಡಿಗೆಯನ್ನು ಅಣಕಿಸಿದನೆಂದು ಹೋದ. ಪಾಪ, ಅವನ ಕಾಲಲ್ಲಿ ಆಣಿಯಾಗಿತ್ತು.

ಇಂಥ ಸಾಹೇಬರಿಗೆ ಬೆನ್ನ ಹಿಂದೆ ಇದ್ದ ಹೆಸರು ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಚಾಡಿಮಾತು ನಂಬುವ ಕಿವಿಗೆ ನಮ್ಮ ಭಾಷೆಯಲ್ಲಿ ಇರುವುದು ಒಂದೇ ಲೋಹ. ಗುಮಾಸ್ತನೂ ಆ ಹೆಸರನ್ನು ಎಷ್ಟೋ ಸಲ ಪಿಸುಗುಟ್ಟಿದ್ದವನೇ. ಆದರೆ ಹೊಸ ಜ್ಞಾನದ ಸ್ವಭಾವ ಬಸ್ಸು ಹತ್ತಿದ ದಪ್ಪ ಮನುಷ್ಯನ ಹಾಗೆ. ಮೊದಲೇ ಕೂತಿದ್ದ ಹಳೆಯದನ್ನು ಕಿಟಕಿಗೆ ಒತ್ತಿ ತಾನು ಕೂತುಬಿಡುತ್ತದೆ.

ಸಭೆ ಸೇರಿತು. ಉದ್ದ ಮೇಜು, ಚಹಾ, ಬಿಸ್ಕತ್ತು. ಎಂಜಿನಿಯರುಗಳು ಕುರ್ಚಿಗಳಲ್ಲಿ, ವಾಲ್ವ್ ತಿರುಗಿಸುವವರು ಗೋಡೆಗೊರಗಿ, ರೇಡಿಯೊ ಸಾಹೇಬರ ಬಲಗಡೆ.

“ಈ ತಿಂಗಳೂ ಅದೇ ಕಥೆ,” ಎಂದರು ಸಾಹೇಬರು. “ಎತ್ತಿದ ನೀರಲ್ಲಿ ಅರ್ಧಕ್ಕರ್ಧ ಲೆಕ್ಕಕ್ಕೇ ಸಿಗ್ತಿಲ್ಲ. ಕಾರಣ ಏನು? ಯಾರಾದ್ರೂ ಧೈರ್ಯವಾಗಿ ಹೇಳ್ರೀ. ನಾನೇನು ಹುಲಿನಾ ಕರಡಿನಾ?”

ಗುಮಾಸ್ತ ಎದ್ದ. ಬಿಲ್ಲೆ ಸರಿಮಾಡಿಕೊಂಡ.

“ಎಲ್ಲದಕ್ಕೂ ಕಾರಣ ಒಂದೇ ಸರ್. ಹಿತ್ತಾಳೆ ಕಿವಿ.”

ಫ್ಯಾನಿನ ಸದ್ದು ಮೊದಲೂ ಇತ್ತು. ಎಲ್ಲರಿಗೂ ಕೇಳಿಸಿದ್ದು ಈಗ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದ್ದ ಒಬ್ಬ ಎಂಜಿನಿಯರ್ ಎತ್ತುವುದನ್ನು ಮರೆತ. ಬಿಸ್ಕತ್ತು ಮುರಿದು ತಳ ಸೇರಿತು.

“ಏನಂದ್ರಿ?” ಎಂದರು ಸಾಹೇಬರು.

ಸಾಹೇಬರಿಗೆ ಕೇಳಿಸಲಿಲ್ಲವೆಂದುಕೊಂಡ ಗುಮಾಸ್ತ ದನಿ ಏರಿಸಿದ. “ಹಿತ್ತಾಳೆ ಕಿವಿ ಸರ್! ನಮ್ಮ ಕಚೇರೀಲಿ ಒಂದೇ ಒಂದು ಇರೋದು. ವರ್ಷಗಟ್ಟಲೆಯಿಂದ ಇದೆ. ಯಾರಿಗೂ ಒಂದು ಪೈಸೆ ಉಪಯೋಗ ಆಗಿಲ್ಲ.”

“ಉಪಯೋಗ ಆಗಿಲ್ಲ.”

“ಇಲ್ಲ ಸರ್. ಒಳಗೆಲ್ಲ ಕಸ ತುಂಬ್ಕೊಂಡಿರುತ್ತೆ. ಬೂದಿ ಹಾಕಿ ಚೆನ್ನಾಗಿ ಉಜ್ಜಬೇಕು. ಅದಕ್ಕೂ ಸರಿಹೋಗ್ಲಿಲ್ಲ ಅಂದ್ರೆ ಬದಲಾಯಿಸೋದೇ ಸರಿ. ಬೇರೆ ಊರುಗಳಲ್ಲಿ ಹಳೇದನ್ನ ಆಗಲೇ ತೆಗೆದು ಬಿಸಾಕಿದಾರೆ ಸರ್. ಈಗ ಮಿಷೀನೇ ಬಂದಿದೆ.”

ಗೋಡೆಯ ಕಡೆಯಿಂದ ಯಾರೋ ಕೆಮ್ಮಿದರು. ಅದು ಕೆಮ್ಮು ಅಲ್ಲವೆಂದು ಎಲ್ಲರಿಗೂ ಗೊತ್ತಾಯಿತು. ರೇಡಿಯೊ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟ. ಎಲ್ಲರ ಕಣ್ಣೂ ಸಾಹೇಬರ ಮುಖದ ಮೇಲೆ. ಅದು ನಿಧಾನವಾಗಿ ಟೊಮೆಟೊ ಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು.

ಆ ಮೌನವನ್ನು ಗುಮಾಸ್ತ ಮೆಚ್ಚುಗೆ ಎಂದು ತಿಳಿದ. ಹುರುಪು ಬಂದು ಕೊನೆಯ ಮಾತನ್ನೂ ಹೇಳಿಬಿಟ್ಟ: “ಕುರ್ಚಿ ಮೇಲೆ ಕೂತ್ರೆ ಏನೂ ಗೊತ್ತಾಗಲ್ಲ ಸರ್. ಬೀದಿಗೆ ಹೋಗ್ಬೇಕು, ತಲೆ ಬಗ್ಗಿಸ್ಬೇಕು, ಆಗ ಕೇಳ್ಸುತ್ತೆ.”

“ಸಭೆ ಮುಗೀತು,” ಎಂದರು ಸಾಹೇಬರು.

ಹೊರಗೆ ಪಡಸಾಲೆಯಲ್ಲಿ ನೌಕರರ ಸಂಘದ ಕಾರ್ಯದರ್ಶಿ ಗುಮಾಸ್ತನನ್ನು ಬಿಗಿಯಾಗಿ ತಬ್ಬಿಕೊಂಡರು. “ಗಂಡು ಕಣಯ್ಯಾ ನೀನು! ಇಷ್ಟು ವರ್ಷ ಸಂಘ ಕಟ್ಟಿದೀನಿ, ಈ ಮಾತು ನನ್ನ ಬಾಯಿಗೆ ಬಂದಿರ್ಲಿಲ್ಲ.”

“ನಂದೇನೂ ಇಲ್ಲ ಅಣ್ಣಾ. ತರಬೇತೀಲಿ ಹೇಳ್ಕೊಟ್ರು.”

“ತರಬೇತೀಲಿ ಹೇಳ್ಕೊಟ್ರಾ? ಇಂಥಾ ತರಬೇತಿ ಅಂತ ಮೊದ್ಲೇ ಹೇಳಿದ್ರೆ ಎಲ್ರೂ ಹೋಗ್ತಿದ್ವಲ್ಲಯ್ಯಾ!” ಕಾರ್ಯದರ್ಶಿ ದನಿ ತಗ್ಗಿಸಿದರು. “ಹೆದರ್ಬೇಡ. ಜಾಕ್‌ವೆಲ್‌ಗೆ ಹಾಕಿದ್ರೂ ಸಂಘ ನಿನ್ನ ಹಿಂದಿರುತ್ತೆ.”

“ನನ್ನನ್ಯಾಕೆ ಜಾಕ್‌ವೆಲ್‌ಗೆ ಹಾಕ್ತಾರೆ?”

ಕಾರ್ಯದರ್ಶಿ ಅವನ ಮುಖವನ್ನು ದಿಟ್ಟಿಸಿ ಕಣ್ಣು ಮಿಟುಕಿಸಿದರು. “ಹಾಂ, ಹಿಂಗೇ. ಏನೂ ಗೊತ್ತಿಲ್ದೋನ ಹಂಗೆ. ಕೊನೇ ತನಕ ಇದನ್ನ ಬಿಡ್ಬೇಡ.”

ಗುಮಾಸ್ತ ಮನೆ ಸೇರುವಷ್ಟರಲ್ಲಿ ಸುದ್ದಿ ಆಗಲೇ ಸೇರಿ ಕಾಲು ನೀಡಿ ಕೂತಿತ್ತು. ಪಕ್ಕದ ಮನೆಯ ದರ್ಜಿ, ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡೇ ಬಂದು, ನಡುಮನೆಯಲ್ಲಿ ನಿಂತಿದ್ದ. ಅತ್ತೆ ತಲೆ ಮೇಲೆ ಕೈ ಹೊತ್ತಿದ್ದರು.

“ರೀ,” ಎಂದಳು ಹೆಂಡತಿ. “ತುಂಬಿದ ಸಭೇಲಿ ಸಾಹೇಬ್ರನ್ನ ಹಿತ್ತಾಳೆ ಕಿವಿ ಅಂದ್ರಂತೆ?”

ಗುಮಾಸ್ತನ ಬಾಯಿ ತೆರೆಯಿತು. ತರಬೇತಿಯಿಂದೀಚೆಗೆ ಕಿಟಕಿಗೆ ಒತ್ತಿಕೊಂಡು ಕೂತಿದ್ದ ಹಳೆಯ ಅರ್ಥ ಒಮ್ಮೆಗೇ ಎದ್ದು ನಿಂತಿತು. ಬಿಸ್ಕತ್ತು, ಕೆಮ್ಮು, ಟೊಮೆಟೊ, ತಬ್ಬಿಕೊಂಡದ್ದು ಎಲ್ಲವೂ ಸಾಲಾಗಿ ಕಣ್ಣ ಮುಂದೆ ಹಾದುಹೋದವು.

“ಅಯ್ಯೋ, ನಾನಂದಿದ್ದು ಹಿತ್ತಾಳೆ ಕಿವಿ ಅಲ್ಲ ಕಣೇ, ಹಿತ್ತಾಳೆ ಕಿವಿ!”

“ಎರಡಕ್ಕೂ ಏನ್ರೀ ವ್ಯತ್ಯಾಸ?”

“ಒಂದು ಸಾಹೇಬ್ರದು. ಇನ್ನೊಂದು ಹಿತ್ತಾಳೇದು!”

ಮೂವರೂ ಅವನನ್ನು ಕನಿಕರದಿಂದ ನೋಡಿದರು. ಅವನು ಸರಳು, ಬಟ್ಟಲು, ಸೋರಿಕೆ ಎಲ್ಲವನ್ನೂ ವಿವರಿಸಿದ. ಅಂಗಳದ ಪೊರಕೆಯನ್ನು ನೆಲಕ್ಕೆ ಊರಿ ಕಿವಿಗಿಟ್ಟು ತೋರಿಸಿದ. ದರ್ಜಿ ಪೂರ್ತಿ ಕೇಳಿ ತಲೆದೂಗಿದ.

“ಹೊಲಿಗೆ ಚೆನ್ನಾಗಿದೆ ಸ್ವಾಮಿ. ಆದ್ರೆ ಒಂದು ಸಲ ಬಗ್ಗಿದ್ರೆ ಬಿಚ್ಕೊಳುತ್ತೆ.”

“ನಿಜ ಹೇಳ್ತಿದೀನಿ ಕಣಯ್ಯಾ!”

“ನಿಜ ಇರ್ಬಹುದು. ಬಟ್ಟೆ ನಿಮ್ಮದು, ಅಳತೆ ಸಾಹೇಬ್ರದು.” ದರ್ಜಿ ಇದಕ್ಕಿಂತ ಒಳ್ಳೆಯ ಮಾತು ತನ್ನಿಂದ ಬರುವುದಿಲ್ಲವೆಂದು ಅರಿತು ಹೊರಟುಹೋದ. ಬೀದಿಯಲ್ಲಿ ಇನ್ನೂ ಏಳೆಂಟು ಮನೆಗಳು ಬಾಕಿಯಿದ್ದವು.

ಅತ್ತೆ ಅಟ್ಟದಿಂದ ಟ್ರಂಕು ಇಳಿಸಿದರು. “ಎರಡು ದಪ್ಪ ಹೊದಿಕೆ ಇಡ್ತೀನಿ. ಹೊಳೆ ದಂಡೇಲಿ ಚಳಿ. ನಾಯಿ ಇದೆ ಅಂತಾರೆ, ಮಾತಿಗೊಂದು ಜೊತೆಯಾಯ್ತು. ಅದರ ಮುಂದಾದ್ರೂ ಯೋಚ್ನೆ ಮಾಡಿ ಮಾತಾಡಿ ಅಳಿಯಂದಿರೇ.”

ಹೆಂಡತಿ ಬೈಯಲಿಲ್ಲ. ಸೊಂಟಕ್ಕೆ ಕೈಯಿಟ್ಟು ನಿಂತು ಒಂದೇ ಪ್ರಶ್ನೆ ಕೇಳಿದಳು.

“ಹೆರಿಗೆ ದಿನ ನೀವೆಲ್ಲಿರ್ತೀರಿ?”

ಗುಮಾಸ್ತ ಕುತ್ತಿಗೆಯಿಂದ ಬಿಲ್ಲೆ ತೆಗೆದು ಕಿಸೆಗೆ ಹಾಕಿಕೊಂಡ.

ಮಾರನೆಯ ದಿನ ಅವನು ಕಚೇರಿಗೆ ಹೋದಾಗ ಬಾಗಿಲಲ್ಲೇ ಜವಾನ ಸಿಕ್ಕ. ಆ ಕಚೇರಿಯಲ್ಲಿ ಎಷ್ಟು ಸಾಹೇಬರು ಬಂದು ಹೋದರೋ ಅಷ್ಟೂ ಜನರಿಗೆ ಚಹಾ ತಂದುಕೊಟ್ಟ ಹಳೆಯ ಮನುಷ್ಯ.

“ನಿಮ್ಮ ಆರ್ಡರ್ ಟೈಪ್ ಆಗ್ತಿದೆ,” ಎಂದ. “ಬೆಳಿಗ್ಗೆನೇ ರೇಡಿಯೊ ಒಳಗೆ ಹೋಗಿ ಬಂದ. ನೀವು ಸಾಹೇಬ್ರನ್ನ ತೆಗೆದು ಬಿಸಾಕಿ ಆ ಜಾಗಕ್ಕೆ ಮಿಷೀನ್ ಕೂರಿಸ್ಬೇಕು ಅಂತ ಮೇಲಕ್ಕೆ ಅರ್ಜಿ ಬರೆದಿದೀರಂತೆ.”

ಗುಮಾಸ್ತ ಸಾಹೇಬರ ಕೋಣೆಗೆ ನುಗ್ಗಿದ. ಅಷ್ಟು ವರ್ಷದಲ್ಲಿ ಅವನು ಕರೆಯದೆ ಒಳಗೆ ಹೋದದ್ದು ಅದೇ ಮೊದಲು.

“ಸರ್, ಅದು ಉಪಕರಣ ಸರ್!”

ಸಾಹೇಬರು ತಲೆಯೆತ್ತಲಿಲ್ಲ. “ಯಾವುದು?”

“ಹಿತ್ತಾಳೆ... ಅದೇ ಸರ್, ನಾನು ಹೇಳಿದ್ನಲ್ಲ, ಅದು. ಸೋರಿಕೆ ಕೇಳೋ ಸರಳು. ನಮ್ಮ ಉಗ್ರಾಣದಲ್ಲೇ ಇದೆ. ನಿಮ್ಮ ಬಗ್ಗೆ ಅಲ್ಲವೇ ಅಲ್ಲ ಸರ್.”

“ಉಪಕರಣ.” ಸಾಹೇಬರು ಆ ಪದವನ್ನು ಬಾಯಲ್ಲಿ ಹೊರಳಿಸಿ ನೋಡಿದರು. ಒಂದು ಗಳಿಗೆ ನಂಬಿದ ಹಾಗೂ ಕಂಡಿತು. ಯಾಕೆಂದರೆ ಈಗ ಕೊನೆಗೆ ಬಂದು ಹೇಳಿದವನು ಗುಮಾಸ್ತನೇ. ಅಷ್ಟರಲ್ಲಿ ಬಾಗಿಲ ಬಳಿ ರೇಡಿಯೊ ಪ್ರಸಾರ ಶುರುವಾಯಿತು.

“ಒಳ್ಳೇದು ಸರ್! ಉಪಕರಣ ಇದ್ರೆ ತಂದು ತೋರಿಸ್ಲಿ. ನಾನಂತೂ ಈ ಕಚೇರೀಲಿ ಅಂಥದ್ದನ್ನ ಕಂಡಿಲ್ಲ.”

“ಅದೂ ಸರಿ,” ಎಂದರು ಸಾಹೇಬರು. “ಸಂಜೆ ಆರ್ಡರಿಗೆ ಸಹಿ ಹಾಕ್ತೀನಿ. ಅದರೊಳಗೆ ನಿಮ್ಮ ಉಪಕರಣ ಈ ಮೇಜಿನ ಮೇಲಿರ್ಬೇಕು. ಇಲ್ಲಾ ಅಂದ್ರೆ ಜಾಕ್‌ವೆಲ್‌ಗೆ ಹೊರಡಿ.”

ಗುಮಾಸ್ತ ಉಗ್ರಾಣಕ್ಕೆ ಓಡಿದ. ಎಲ್ಬೋಗಳ ಗುಡ್ಡ ಅಗೆದ. ಕಾಲರುಗಳ ರಾಶಿ ಕೆಡವಿದ. ತುಕ್ಕು ಹಿಡಿದ ವಾಲ್ವುಗಳನ್ನು ಒಂದೊಂದಾಗಿ ಅಂಗಳಕ್ಕೆ ಉರುಳಿಸಿದ. ಬ್ಲೀಚಿಂಗ್ ಪುಡಿಯ ಚೀಲಗಳ ಹಿಂದೆ ತೂರಿ ಬಿಳಿ ಬೆಕ್ಕಿನ ಹಾಗೆ ಹೊರಬಂದ. ಯಾವುದೋ ಕಾಲದಲ್ಲಿ ಕಳೆದುಹೋಯಿತೆಂದು ಬರೆದುಹಾಕಿದ್ದ ಒಂದು ಏಣಿ, ಒಂದು ಸೈಕಲ್, ಹಿಂದಿನ ಗುಮಾಸ್ತನ ಹಲ್ಲುಸೆಟ್ಟು, ಎಲ್ಲ ಸಿಕ್ಕವು. ಹಿತ್ತಾಳೆ ಕಿವಿ ಸಿಗಲಿಲ್ಲ.

ಕೊನೆಗೆ ಅವನು ಯಾವ ಗುಮಾಸ್ತನೂ ಮಾಡಬಾರದ ಕೆಲಸ ಮಾಡಿದ. ಕೋಣೆ ಕೋಣೆಗೂ ಹೋಗಿ ಕೇಳಲಾರಂಭಿಸಿದ.

“ಹಿತ್ತಾಳೆ ಕಿವಿ ನೋಡಿದ್ರಾ?”

ಮೀಟರ್ ವಿಭಾಗದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ನೋಡ್ದೇ ಏನು? ಒಳಗೆ ಕೋಣೇಲಿದೆಯಲ್ಲ.”

“ತಮಾಷೆ ಬೇಡ್ರಪ್ಪಾ. ಹಿತ್ತಾಳೆ ಕಿವಿ!”

“ನಾವೂ ಅದನ್ನೇ ಹೇಳ್ತಿರೋದು. ಸಾಹೇಬ್ರ ಕೋಣೇಲಿ ಸಾಹೇಬ್ರ ಹತ್ರಾನೇ ಇದೆ.”

ವಾಲ್ವ್ ತಿರುಗಿಸುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. “ನಿನ್ನೆ ಸಭೇಲಿ ಕೆಂಪಗಾಗಿತ್ತಲ್ಲ ಸ್ವಾಮಿ, ಅದೇ ತಾನೆ?”

ಸಂಘದ ಕಾರ್ಯದರ್ಶಿಯಂತೂ ಹೊಟ್ಟೆ ಹಿಡಿದುಕೊಂಡು ನಕ್ಕರು. “ಸಾಕು ಮಾಡಯ್ಯಾ, ಪಕ್ಕೆ ನೋಯ್ತಿದೆ! ಕೋಣೆ ಕೋಣೆಗೂ ಹೋಗಿ ಕೇಳೋದು ಅಂದ್ರೆ! ಇಂಥಾ ಹೋರಾಟ ನಾನು ಕಂಡಿಲ್ಲ.”

ಗುಮಾಸ್ತ ಅಳುವ ಹಾಗಾಗಿದ್ದ. ಅವನು ಯಾವ ಕೋಣೆಯಿಂದ ಹೊರಬಂದರೂ ಹಿಂದೆಯೇ ರೇಡಿಯೊ ಸಾಹೇಬರ ಕೋಣೆಗೆ ಹೋಗುವುದು ಕಾಣುತ್ತಿತ್ತು. “ಸರ್, ಈಗ ಮೀಟರ್ ವಿಭಾಗದಲ್ಲಿ. ಎಲ್ರೂ ನಗ್ತಿದಾರೆ.” “ಸರ್, ಈಗ ಹೊರಗೆ ವಾಲ್ವಿನವರ ಹತ್ರ. ಅವರೂ ನಗ್ತಿದಾರೆ.” ನೇರ ಪ್ರಸಾರ ಎಂದರೆ ಅದು.

ಬಿಸಿಲು ಇಳಿಯುವ ಹೊತ್ತಿಗೆ ಗುಮಾಸ್ತ ಚಹಾ ಮಾಡುವ ಮೂಲೆಯಲ್ಲಿ ಖಾಲಿ ಡಬ್ಬದ ಮೇಲೆ ಕೂತಿದ್ದ. ಜವಾನ ಲೋಟ ತೊಳೆಯುತ್ತಿದ್ದ.

“ಬೆಳಿಗ್ಗೆಯಿಂದ ಏನು ಹುಡುಕ್ತಿದೀರಿ?” ಎಂದ ಜವಾನ.

“ನಿನಗೂ ತಮಾಷೆನಾ?”

“ನಂಗೆ ಕಿವಿ ಸ್ವಲ್ಪ ಮಂದ. ನೀವೇನು ಕೇಳ್ತಿದ್ರೋ ಗೊತ್ತಾಗ್ಲಿಲ್ಲ.”

ಗುಮಾಸ್ತನಿಗೆ ಆ ಎರಡು ಪದಗಳನ್ನು ಮತ್ತೆ ಬಾಯಿಗೆ ತರಲು ಧೈರ್ಯವಾಗಲಿಲ್ಲ. ಕೈಯಲ್ಲಿ ಅಳತೆ ತೋರಿಸಿದ. “ಕಬ್ಬಿಣದ ಸರಳು. ಇಷ್ಟುದ್ದ. ತುದೀಲಿ ಹಿತ್ತಾಳೆ ಬಟ್ಟಲು.”

“ಅದಾ?” ಜವಾನ ಲೋಟ ಕವುಚಿಟ್ಟ. “ಅದನ್ನ ಹಿಂದಿನ ಸಾಹೇಬ್ರ ಕಾಲದಲ್ಲೇ ನಾನು ಉಗ್ರಾಣದಿಂದ ತಗೊಂಡು ಹೋಗಿದ್ನಲ್ಲ. ಪರದೆ ಕಟ್ಟೋಕೆ ಕೋಲು ಸಿಕ್ಕಿರ್ಲಿಲ್ಲ.”

“ಯಾವ ಪರದೆ?”

ಜವಾನ ಒದ್ದೆ ಬೆರಳನ್ನು ಸಾಹೇಬರ ಕೋಣೆಯ ಕಡೆ ಎತ್ತಿದ.

ಅಲ್ಲಿ ಆದೇಶ ಸಿದ್ಧವಾಗಿ ಮೇಜಿನ ಮೇಲಿತ್ತು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದಿದ್ದರು. ರೇಡಿಯೊ ಸಹಿಯ ಜಾಗ ತೋರಿಸಲು ಪಕ್ಕದಲ್ಲಿ ಬಗ್ಗಿದ್ದ. ಸಂಘದ ಪರವಾಗಿ ವಿರೋಧ ದಾಖಲಿಸಲು ಕಾರ್ಯದರ್ಶಿ ಬಂದಿದ್ದರು. ಯಾವ ವಿರೋಧ ಎಂದು ಇನ್ನೂ ಯೋಚಿಸುತ್ತಿದ್ದರು. ಬಾಗಿಲು ಧಡಾರನೆ ತೆರೆಯಿತು.

“ಸರ್! ಹಿತ್ತಾಳೆ ಕಿವಿ ಸಿಕ್ತು!”

“ಎಲ್ಲಿ?”

“ನಿಮ್ಮ ತಲೆ ಹಿಂದೇನೇ ಇದೆ ಸರ್!”

ಸಾಹೇಬರ ಕೈ ಅವರಿಗೇ ಗೊತ್ತಿಲ್ಲದ ಹಾಗೆ ತಮ್ಮ ಕಿವಿ ಮುಟ್ಟಿ ನೋಡಿತು.

“ಕೇಳಿದ್ರಾ ಸರ್, ಕೇಳಿದ್ರಾ?” ಎಂದ ರೇಡಿಯೊ. “ಮುಖದ ಮೇಲೇ ಹೇಳ್ತಿದಾನೆ! ಸಹಿ ಹಾಕಿ ಸರ್!”

ಗುಮಾಸ್ತ ಕುರ್ಚಿ ಎಳೆದು ಸಾಹೇಬರ ಹಿಂದಿನ ಕಿಟಕಿಗೆ ಹತ್ತಿದ. ಪರದೆಯ ಕೋಲನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದ. ಎರಡು ಮೊಳೆ, ಒಂದಿಷ್ಟು ಗಾರೆ, ಹಲವು ವರ್ಷಗಳ ಧೂಳು ಮತ್ತು ಇಡೀ ಪರದೆ ಸಾಹೇಬರ ಮೇಲೂ ರೇಡಿಯೊ ಮೇಲೂ ಬಂದು ಬಿತ್ತು. ಪರದೆಯೊಳಗೆ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಹೊರಟರು. ಪರದೆ ಒಂದೇ ಇದ್ದದ್ದರಿಂದ ಇಬ್ಬರೂ ನಿಂತಲ್ಲೇ ನಿಂತರು.

ಜವಾನ ಪರದೆ ಬಿಡಿಸಿ, ಅದರ ಅಂಚಿನಿಂದಲೇ ಸರಳಿನ ತುದಿ ಒರೆಸಿ ಸಾಹೇಬರ ಕೈಗೆ ಕೊಟ್ಟ. ಧೂಳಿನ ಕೆಳಗಿನಿಂದ ಹಿತ್ತಾಳೆ ಹೊಳೆಯಿತು.

“ಇದಕ್ಕೆ ನಿಜವಾಗ್ಲೂ ಹಿತ್ತಾಳೆ ಕಿವಿ ಅಂತಾನಾ ಹೆಸರು?” ಸಾಹೇಬರ ತಲೆಯ ಮೇಲೆ ಜೇಡರ ಬಲೆಯಿತ್ತು.

“ಹೌದು ಸರ್,” ಎಂದ ಜವಾನ. “ನೀವು ಬರೋಕೆ ಮುಂಚೆ ಇದಕ್ಕೇ ಹಾಗಂತಿದ್ರು.”

ಸಾಹೇಬರು ಆ ಮಾತನ್ನು ಇನ್ನೂ ಜೀರ್ಣಿಸಿಕೊಳ್ಳುತ್ತಿದ್ದಾಗ ರೇಡಿಯೊ ಧೂಳು ಕೊಡವಿಕೊಂಡು ಎದ್ದ. “ಇದು ಪರದೆ ಕೋಲು ಸರ್. ಇದರಲ್ಲಿ ಏನು ಕೇಳ್ಸುತ್ತೆ, ಮಣ್ಣು?”

“ಅದೂ ಸರಿ,” ಎಂದರು ಸಾಹೇಬರು. “ನಡೀರಿ ಹೊರಗೆ. ನೋಡೇಬಿಡೋಣ.”

ಇಡೀ ಕಚೇರಿ ಅಂಗಳಕ್ಕೆ ಇಳಿಯಿತು. ಅಂಗಳದಲ್ಲಿ ಸಾಹೇಬರ ಹೆಮ್ಮೆಯ ಹುಲ್ಲುಹಾಸು. ಊರಿನ ಗಿಡಗಳೆಲ್ಲ ಬಾಡಿದ ಬೇಸಿಗೆಯಲ್ಲೂ ಅದು ಹಸಿರಾಗಿಯೇ ಇರುತ್ತಿತ್ತು. ಅದರ ಪಕ್ಕದಲ್ಲೇ ದೊಡ್ಡ ಪೈಪಿನ ವಾಲ್ವ್ ಗುಂಡಿ. ಗುಮಾಸ್ತ ಬಟ್ಟಲನ್ನು ಕೆಳಗೆ ಮಾಡಿ, ಚೂಪು ತುದಿಯನ್ನು ಕಿವಿಗಿಟ್ಟುಕೊಂಡ. ಏನೂ ಕೇಳಿಸಲಿಲ್ಲ. ಇನ್ನಷ್ಟು ಒತ್ತಿದ. ‘ಅಮ್ಮಾ’ ಎಂಬ ಸದ್ದು ಕೇಳಿಸಿತು, ಅದು ಅವನದೇ.

“ತಲೆಕೆಳಗಾಗಿ ಹಿಡಿದಿದೀರಿ,” ಎಂದ ಜವಾನ.

ಜನ ನಗಲು ಸಿದ್ಧರಾದರು. ರೇಡಿಯೊ ಪೆನ್ನು ಮುಂದೆ ಮಾಡಿದ. “ಕೊಡ್ರೀ ಇಲ್ಲಿ,” ಎಂದು ಸಾಹೇಬರೇ ಸರಳು ಕಸಿದುಕೊಂಡು ಗುಂಡಿಯೊಳಗಿನ ಪೈಪಿಗೆ ಊರಿ, ಬಗ್ಗಿ, ಬಟ್ಟಲಿಗೆ ಕಿವಿ ಕೊಟ್ಟರು.

“ಸರ್, ಹೇಳಿದ್ನಲ್ಲ, ಇವನು...” ಎಂದ ರೇಡಿಯೊ.

“ಶ್!”

ಸಾಹೇಬರು ರೇಡಿಯೊವನ್ನು ಬಂದ್ ಮಾಡಿದ್ದು ಅದೇ ಮೊದಲು. ಅವರ ಹುಬ್ಬು ಮೇಲೇರಿತು. ಬಾಯಿ ತುಸು ತೆರೆಯಿತು.

“ಸೊಯ್ ಅಂತಿದೆ,” ಎಂದು ಪಿಸುಗುಟ್ಟಿದರು. “ಬಾಣಲೆಗೆ ಏನೋ ಹಾಕಿದ ಹಾಗೆ. ಅಗೀರಿ! ಹುಲ್ಲು ಹೋದ್ರೆ ಹೋಗ್ಲಿ, ಅಗೀರಿ!”

ವಾಲ್ವಿನವರು ಗುದ್ದಲಿ ತಂದರು. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಮಣ್ಣು ಕೆಸರಾಯಿತು. ಇನ್ನೆರಡು ಏಟಿಗೆ ಪೈಪಿನ ಬಿರುಕಿನಿಂದ ನೀರು ಚಿಮ್ಮಿ ಸಾಹೇಬರನ್ನು ಎದೆಯವರೆಗೂ ತೋಯಿಸಿತು. ಊರಿಗೆ ದಿನ ಬಿಟ್ಟು ದಿನ ನೀರು ಬಿಡುವ ಕಚೇರಿ ತನ್ನ ಹುಲ್ಲಿಗೆ ಮಾತ್ರ, ತನಗೇ ತಿಳಿಯದ ಹಾಗೆ, ದಿನವೂ ಬಿಡುತ್ತಿತ್ತು.

“ಈ ಹಸಿರು ನನ್ನ ಕಾಲ್ಗುಣ ಅಂದಿದ್ರಲ್ರೀ?” ಸಾಹೇಬರು ರೇಡಿಯೊ ಕಡೆ ತಿರುಗಿದರು.

ರೇಡಿಯೊ ಪೆನ್ನನ್ನು ಕಿಸೆಗೆ ಸಿಕ್ಕಿಸಿಕೊಂಡ.

ಸಾಹೇಬರು ನಕ್ಕರು. ತೊಯ್ದ ಮನುಷ್ಯ, ತಲೆಯಲ್ಲಿ ಜೇಡರ ಬಲೆ, ಕೈಯಲ್ಲಿ ಹಿತ್ತಾಳೆ ಕಿವಿ, ಆದರೂ ಹೊಸ ಆಟಿಕೆ ಸಿಕ್ಕಿದ ಹಾಗೆ ನಕ್ಕರು. ಆದೇಶವನ್ನು ತರಿಸಿ ಎರಡು ತುಂಡು ಮಾಡಿದರು. ಗುಮಾಸ್ತ ಕೆಸರಿನ ಅಂಚಿನಲ್ಲೇ ಕೂತುಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿ ಎಲ್ಲರಿಗಿಂತ ಜೋರಾಗಿ.

ಹೋರಾಟ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸಾಹೇಬರು ತುಂಡುಗಳನ್ನು ನಾಲ್ಕು ಮಾಡಲು ಹೋಗಿ ಅಲ್ಲೇ ತಡೆದರು. ಅವರ ಮುಖದಲ್ಲಿ ಒಂದು ಯೋಚನೆ ಮೆಲ್ಲಗೆ ಬಂದು ಕೂತಿತು.

“ಒಂದು ಮಾತು,” ಎಂದರು. “ಸಭೇಲಿ ಇವರು ಹೇಳಿದ್ದು ಈ ಸರಳಿನ ಬಗ್ಗೆ. ಸರಿ. ಹಾಗಾದ್ರೆ ಹಿತ್ತಾಳೆ ಕಿವಿ ಅಂದ ತಕ್ಷಣ ನೀವೆಲ್ಲ ಯಾಕೆ ನನ್ನ ಮುಖ ನೋಡಿದ್ರಿ?”

ಚಪ್ಪಾಳೆ ನಿಂತಿತು. ಗುಂಡಿಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ಮೀಟರ್ ವಿಭಾಗದವರು ಆಕಾಶ ನೋಡಿದರು. ವಾಲ್ವಿನವರು ಗುದ್ದಲಿಯ ಹಿಡಿ ಗಟ್ಟಿಯಿದೆಯೇ ಎಂದು ಪರೀಕ್ಷಿಸತೊಡಗಿದರು.

“ಅದು... ನೀವು ಅಧ್ಯಕ್ಷತೆ ವಹಿಸಿದ್ರಿ ಸರ್,” ಎಂದರು ಕಾರ್ಯದರ್ಶಿ. “ಯಾರು ಏನಂದ್ರೂ ಅಧ್ಯಕ್ಷರ ಮುಖ ನೋಡೋದು ಸಂಪ್ರದಾಯ.”

“ನೀವು?” ಸಾಹೇಬರು ರೇಡಿಯೊವನ್ನು ಕೇಳಿದರು. “ಎಲ್ಲರಿಗಿಂತ ಮೊದ್ಲು ನೋಡಿದ್ದು ನೀವೇ.”

ಪ್ರಸಾರ ಪೂರ್ತಿ ಸ್ಥಗಿತವಾಗಿತ್ತು.

ಸಾಹೇಬರು ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದರು. ಆಮೇಲೆ ಕೆಸರಲ್ಲಿ ಕೂತವನ ಕಡೆ ಬೆರಳು ಮಾಡಿದರು. “ಇಡೀ ಕಚೇರೀಲಿ ಹಿತ್ತಾಳೆ ಕಿವಿ ಅಂದ್ರೆ ಹಿತ್ತಾಳೆ ಕಿವಿ ಅಂತ ತಿಳ್ಕೊಂಡ ಮನುಷ್ಯ ಇವರೊಬ್ಬರೇ.” ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು, ಆದರೆ ಅಧಿಕಾರಿಗಳ ನೋವು ಆದೇಶವಾಗಲು ಹೆಚ್ಚು ಹೊತ್ತು ಬೇಕಿಲ್ಲ. “ಇನ್ನೂ ಇಂಥವು ಹತ್ತು ಮಾಡಿಸಿ. ನನ್ನ ಮುಖ ನೋಡಿದವರೆಲ್ಲ ನಾಳೆಯಿಂದ ಬೀದಿ ಬೀದಿ ನಡೆದು ನೆಲಕ್ಕೆ ಕಿವಿ ಕೊಡಿ. ನೆಲ ಹೇಳಿದ್ದು ಮಾತ್ರ ನನಗೆ ಬಂದು ಹೇಳಿ. ಮೊದಲ ಪಾಳಿ ಇವರದು,” ಎಂದು ಸರಳನ್ನು ರೇಡಿಯೊ ಕೈಗೆ ಕೊಟ್ಟರು.

ಗುಮಾಸ್ತ ಮನೆಗೆ ಬಂದಾಗ ಟ್ರಂಕು ಬಾಗಿಲಲ್ಲೇ ಇತ್ತು. ಹೆಂಡತಿ ಅದರ ಮೇಲೆ ಕೂತಿದ್ದಳು. ತಲೆಯಿಂದ ಕಾಲಿನವರೆಗೆ ಬ್ಲೀಚಿಂಗ್ ಪುಡಿ, ಅದರ ಮೇಲೆ ಕೆಸರು ಮೆತ್ತಿಕೊಂಡು ನಿಂತವನನ್ನು ನೋಡಿ ಅವಳು ಏಳಲು ಹೋದಳು, ಆಗಲಿಲ್ಲ.

“ಹೊಡೆದ್ರಾ?”

“ಇಲ್ಲ. ಆರ್ಡರ್ ಹರಿದು ಹಾಕಿದ್ರು. ಹೋಗ್ಬೇಕಾಗಿಲ್ಲ.”

ಅವಳು ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಒಳಗಿನಿಂದ ಅತ್ತೆ ಬಂದು, ಮಗಳನ್ನು ಎಬ್ಬಿಸಿ, ಟ್ರಂಕು ತೆರೆದು, ಮಡಿಸಿಟ್ಟ ಅಂಗಿಗಳನ್ನು ಒಂದೊಂದಾಗಿ ಹೊರಗೆ ಹಾಕತೊಡಗಿದರು.

“ಅಂದ್ರೆ ಸಾಹೇಬ್ರು ಕ್ಷಮಿಸಿದ್ರಾ?” ಎಂದಳು ಹೆಂಡತಿ.

“ನನ್ನನ್ನ ಕ್ಷಮಿಸಿದ್ರು. ಉಳಿದೋರನ್ನ ಇನ್ನೂ ಇಲ್ಲ.”

ಅವನು ನಡೆದದ್ದನ್ನೆಲ್ಲ ಹೇಳಿದ. ಪರದೆ ಬಿದ್ದ ಕಡೆಗೆ ಬರುವಷ್ಟರಲ್ಲಿ ಅವಳು ನಗಲಾರಂಭಿಸಿದ್ದಳು. ರೇಡಿಯೊ ಕೈಗೆ ಸರಳು ಬಂದಾಗ ಗೋಡೆ ಹಿಡಿದುಕೊಂಡಳು. “ಸಾಕ್ರೀ, ನಗಿಸ್ಬೇಡಿ! ಇಲ್ಲೇ ಆಗಿಬಿಡುತ್ತೆ!”

“ಆಗ್ಲಿ ಬಿಡೇ. ಭಯ ಯಾಕೆ? ಇನ್ನು ನಾನು ಇಲ್ಲೇ ಇರ್ತೀನಲ್ಲ.”

“ಅದಕ್ಕೇ ಭಯ,” ಎಂದು ಅತ್ತೆ ಕೊನೆಯ ಅಂಗಿಯನ್ನು ಕೊಡವಿದರು.